ಪಟೇಲನ ಕಿವಿ

ಪಟೇಲ ಅಂದರೆ ನಾಯಿ.
ಹೆಸರಿಟ್ಟವನು ಜುಂಜಣ್ಣ, ಹಟ್ಟಿಯ ಕುರಿಗಾರ.
ಯಾವ ಪಟೇಲನ ಮೇಲೆ ಯಾವ ಕಾಲದ ಸಿಟ್ಟೋ
ನಾವು ಕೇಳಲಿಲ್ಲ.
ಉಣ್ಣೆ ಕತ್ತರಿಸುವ ಕಾಲಕ್ಕೆ ಕುರಿಗಳ ಹಿಂದೆ
ಚಳ್ಳಕೆರೆಯ ನಮ್ಮ ಓಣಿಗೆ ಬರುತ್ತಿದ್ದ,
ಎಣ್ಣೆಮಿಲ್ಲಿನ ಲಾರಿ ಬಂದರೂ ಏಳದ ಗತ್ತಿನಲ್ಲಿ
ಶೇಂಗಾ ಹೊಟ್ಟಿನ ಮೇಲೆ ಮಲಗುತ್ತಿದ್ದ.

ಆ ವರ್ಷ ಮಲಗಿದವ ಏಳಲಿಲ್ಲ.

ಕಿವಿ ಮಗುಚಿ ನೋಡಿದಳು ಮಾಳಜ್ಜಿ.
ಒಳಗೆ ಹರಳುಬೀಜದ ಹಾಗೆ ಊದಿಕೊಂಡು
ಬೂದು ಬಣ್ಣದವು, ಒತ್ತೊತ್ತಾಗಿ.
‘ಉಣ್ಣೆ’ ಅಂದಳು.
ಅವಳ ತೊಡೆಯ ಮೇಲಿದ್ದ ಹಂಜಿಯೂ ಉಣ್ಣೆ.
ಒಂದನ್ನು ನೂತು, ನೇಯ್ದು, ಮಾರಿ ನಾವು ಉಣ್ಣುತ್ತಿದ್ದೆವು,
ಇನ್ನೊಂದು ಯಾರನ್ನೂ ಕೇಳದೆ ಉಣ್ಣುತ್ತಿತ್ತು.
ಎರಡಕ್ಕೂ ಬೇರೆ ಬೇರೆ ಹೆಸರು ಹುಡುಕುವಷ್ಟು
ಪುರುಸೊತ್ತಿರಲಿಲ್ಲವೇನೋ ಹಿಂದಿನವರಿಗೆ,
ಕೈತುಂಬ ಕುರಿ ಇತ್ತೇನೋ.

ದನದ ಡಾಕ್ಟರು ಕುರಿಗಳಿಗೆ ಸೂಜಿ ಹಾಕಿ
ನಾಯಿಗೊಂದು ಚೀಟಿ ಬರೆದುಕೊಟ್ಟರು.
ಚೀಟಿಯ ಮದ್ದಿಗೆ ಒಂದು ಕಂಬಳಿಯ ಬೆಲೆ.
ಜುಂಜಣ್ಣ ಅದನ್ನು ಮಡಚಿ ಕಿವಿಗೆ ಸಿಕ್ಕಿಸಿಕೊಂಡ,
ಬೀಡಿಯ ಪಕ್ಕ.

ಅಜ್ಜಿ ಸೀತಾಫಲದ ಬೀಜದ ಡಬ್ಬಿ ಇಳಿಸಿದಳು.
ದುರ್ಗದ ಗುಡ್ಡದಿಂದ ಬುಟ್ಟಿಯಲ್ಲಿ ಬಂದ ಹಣ್ಣು,
ತಿಂದವರು ನಾವು, ಉಗಿದವರು ನಾವು,
ಆಯ್ದು ತೊಳೆದು ಒಣಗಿಸಿದವಳು ಅವಳು.
ಕುಟ್ಟುವಾಗ ನಮ್ಮನ್ನೆಲ್ಲ ಹೊರಗೆ ಅಟ್ಟಿ
ಮೂಗಿಗೆ ಸೆರಗು ಬಿಗಿದು ಬಾಗಿಲು ಹಾಕಿಕೊಂಡಳು.
ಬೇವಿನ ಸೊಪ್ಪು ಅರೆದದ್ದು,
ಲಕ್ಕಿಸೊಪ್ಪು ಕುದಿಸಿ ಬಸಿದ ನೀರು,
ದೀಪಕ್ಕೆಂದು ಇಟ್ಟ ಹೊಂಗೆಯೆಣ್ಣೆ.
‘ಎಷ್ಟೆಷ್ಟು ಅಜ್ಜಿ?’
‘ಕೈಗೆ ಗೊತ್ತೈತೆ. ನಿಂಗ್ಯಾಕೆ.’

ಕಂಬಳಿಗೆ ಹುಣಸೆಬೀಜದ ಸರಿ ಬಳಿಯುವ
ಹಳೆಯ ಕುಂಚವನ್ನೇ ತಂದಳು.
ಹಾಸಿಗೆ ಬಳಿದಂತೆಯೇ ಬಳಿದಳು:
ಬಾಲದಿಂದ ಮೇಲಕ್ಕೆ, ಕೂದಲಿನ ವಿರುದ್ಧ,
ಕಾಲ್ಬೆರಳ ಸಂದಿ ಬಿಡಿಸಿ ಬಿಡಿಸಿ.
ಮೂತಿಗೆ ನೂಲಿನ ಹಗ್ಗ.
ಹಿಡಿಯುವ ಕೆಲಸ ನನ್ನದು.

‘ಕಣ್ಣು ಮುಚ್ಚಲೇ ಅದರದ್ದು. ಅಂಗೈಲಿ ಮುಚ್ಚು.
ಒಂದ್ ತೊಟ್ಟು ತಾಕಿದ್ರೂ ಮುಗೀತು.’

ಅವಳ ಎಡಗಣ್ಣು ಹಾಲಿನ ಬಣ್ಣ.
ಹುಟ್ಟಿನಿಂದ ಹಾಗೇ ಅಂದುಕೊಂಡಿದ್ದೆ.
ಕುಂಚ ಅದ್ದುತ್ತಾ, ಸಂತೆಯ ಸುದ್ದಿ ಹೇಳುವಂತೆ ಹೇಳಿದಳು:
ಏಳು ವರ್ಷದವಳಿದ್ದಾಗ, ತಲೆಯ ಹೇನಿಗೆಂದು
ಇದೇ ಬೀಜ ಅರೆದು ಹಚ್ಚಿದ್ದಳಂತೆ ಅವ್ವ.
ಹೇನು ಸತ್ತವಂತೆ.
ಅಷ್ಟೇ. ಮತ್ತೆ ಅದ್ದಿದಳು.

ನನ್ನ ಅಂಗೈಯೊಳಗೆ ಪಟೇಲನ ರೆಪ್ಪೆ
ಮುಷ್ಟಿಗೆ ಸಿಕ್ಕ ಮಿಡತೆಯಂತೆ ಬಡಿದುಕೊಳ್ಳುತ್ತಿತ್ತು.
ಒತ್ತಿ ಹಿಡಿದೆ.
ನಾಯಿಯ ಕಣ್ಣೋ, ಅಜ್ಜಿಯ ಕಣ್ಣೋ,
ಆಮೇಲೆ ನನಗೆ ಗೊತ್ತಾಗಲಿಲ್ಲ.

ಬಿಸಿಲು ಗೋಡೆಯಿಂದ ಇಳಿಯುವಷ್ಟರಲ್ಲಿ
ಅಂಟುವಾಳದ ನೊರೆಯಲ್ಲಿ ತೊಳೆದೆವು.
ಉದುರಿದವನ್ನು ಬಳಿದು ಕೆಂಡಕ್ಕೆ ಸುರಿದಳು.
ಚಟ್. ಚಟ್ ಚಟ್.

ಐದನೆಯ ದಿನ ಮತ್ತೆ ಬಂದವು.

ಅಜ್ಜಿ ಮದ್ದನ್ನು ಬಯ್ಯಲಿಲ್ಲ. ಬುಡ್ಡಿದೀಪ ಹಿಡಿದು
ಮಗ್ಗದ ಗುಂಡಿಗೆ ಇಳಿದಳು.
ಗೋಡೆಯ ಬಿರುಕಿನಲ್ಲಿ, ಎಳ್ಳಿನಷ್ಟಷ್ಟು,
ಮುಂಗಾಲೆತ್ತಿ ಯಾರನ್ನೋ ಕಾಯುತ್ತಿದ್ದವು.
‘ನಾಯಿ ಮೇಲಿರೋವು ನೆಂಟ್ರು ಕಣಲೇ,
ಇವುಗಳ ಮನೆ ಇಲ್ಲೈತೆ.’
ನಾಲ್ಕು ಸೋಮವಾರ ಮಗ್ಗ ನಿಂತಿತು.
ಬಿರುಕಿಗೆ ಕೆಮ್ಮಣ್ಣು, ನೆಲಕ್ಕೆ ಬೇವಿನ ನೀರು,
ಉಣ್ಣೆಯ ಮೂಟೆಗಳೆಲ್ಲ ಬೀದಿಯ ಬಿಸಿಲಿಗೆ.
ಪಟೇಲನಿಗೆ ರಾಗಿ ಅಂಬಲಿ,
ಮೂರನೆಯ ಮದ್ದಿನ ಹೊತ್ತಿಗೆ ಅವನೇ ಬಂದು
ಮೂತಿಯನ್ನು ನನ್ನ ಕೈಯೊಳಗೆ ತೂರಿಸಿ ನಿಂತ.
ಆಮೇಲೊಂದು ದಿನ ಲಾರಿಗೆ ಬೊಗಳಿದ.
ಅಜ್ಜಿ ಲಾಳಿ ನಿಲ್ಲಿಸಿ ಕೇಳಿಸಿಕೊಂಡಳು.

ಡಬ್ಬಿ ಈಗ ನನ್ನ ಅಟ್ಟದಲ್ಲಿದೆ.
ಮುಚ್ಚಳದ ಮೇಲೆ ಹೆಸರಿಲ್ಲ,
ಇದ್ದಿಲಲ್ಲಿ ಅಜ್ಜಿ ಗೀಚಿದ ಒಂದು ಮುಚ್ಚಿದ ಕಣ್ಣು.
ನಾಯಿ ಕಟ್ಟಿಕೊಂಡು ಬಂದವರು ಅಳತೆ ಕೇಳುತ್ತಾರೆ,
ಎಷ್ಟು ಬೀಜ, ಎಷ್ಟು ಎಣ್ಣೆ, ಎಷ್ಟು ಹೊತ್ತು.
ನಾನು ಮೊದಲು ಕೇಳುವುದು:
ಜೊತೆಗೆ ಇನ್ಯಾರು ಬಂದಿದ್ದೀರಿ?
ಒಬ್ಬರೇ ಆದರೆ ಹೋಗಿ,
ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ.